ಕಾವಲಿನಲ್ಲಿ ಬಾಯಿಗೆ ಬಂದ ಮಾತು

ಬಾಡಿಗೆಗೆಂದು ತೋರಿಸಿದ ಮನೆಗೆ ಹಿಂದಿನ ಗೋಡೆಯೇ ಇರಲಿಲ್ಲ. ಗೋಡೆ ಇರಬೇಕಾದ ಜಾಗದಲ್ಲಿ ಒಂದು ಬಂಡೆ ಇತ್ತು. ಕಂದುಬಣ್ಣದ, ಹೊಟ್ಟೆ ಉಬ್ಬಿದ, ಮಾಡಿಗಿಂತ ಎತ್ತರದ ಬಂಡೆ. ಯಾರೋ ಮೂರು ಕಡೆ ಗೋಡೆ ಕಟ್ಟಿ, ನಾಲ್ಕನೆಯದನ್ನು ಬೆಟ್ಟಕ್ಕೇ ಬಿಟ್ಟು ಕೈತೊಳೆದುಕೊಂಡಿದ್ದರು. ನಾನು ಸೂಟ್‌ಕೇಸ್ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

“ಇದು ಉರುಳುವುದಿಲ್ಲವಾ?” ಎಂದು ಕೇಳಿದೆ.

ಮನೆಯೊಡತಿ ಪಾಲಮ್ಮ ನನ್ನನ್ನೂ ಬಂಡೆಯನ್ನೂ ಒಂದು ಸಲ ನೋಡಿದಳು. “ಉಳ್ಳಾಕೆ ಅದಕ್ಕೇನು ಬಂದೈತೆ? ನಮ್ಮತ್ತೆ ಮದ್ವೆಯಾಗಿ ಬಂದಾಗ್ಲೂ ಅಲ್ಲೇ ಐತೆ ಕಣವ್ವ.”

ಅವಳಿಗೆ ಹೇಗೆ ಹೇಳಲಿ? ನಾನು ಬಂದದ್ದು ಮನೆಗಳು ಇದ್ದಲ್ಲೇ ಇರದ ಊರಿನಿಂದ.

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಗೆ ನಾನು ಬಂದದ್ದು ಫೆಬ್ರವರಿ ಕೊನೆಯಲ್ಲಿ, ಪಶು ಆಸ್ಪತ್ರೆಯ ಪರೀಕ್ಷಕಿಯಾಗಿ. ಮೊದಲ ವಾರವೆಲ್ಲ ಬೆಚ್ಚುತ್ತಲೇ ಇದ್ದೆ. ನಮ್ಮ ಕರಾವಳಿಯಲ್ಲಿ ಆಕಾಶವನ್ನು ತೆಂಗಿನ ಗರಿಗಳ ಸಂದಿಯಲ್ಲಿ ಹುಡುಕಬೇಕು. ಇಲ್ಲಿ ಅದು ಪಾದದ ಪಕ್ಕದಿಂದಲೇ ಶುರುವಾಗುತ್ತದೆ. ಮರೆಯಾಗಿ ನಿಲ್ಲಲು ಒಂದು ಮರವಿಲ್ಲ. ಒಣಹುಲ್ಲು, ಕಲ್ಲು, ಬಿಸಿಲು, ದೂರದಲ್ಲಿ ಗಾಳಿವಿದ್ಯುತ್ತಿನ ರೆಕ್ಕೆಗಳು. ರಸ್ತೆಯಲ್ಲಿ ನಡೆದರೆ ಯಾರೋ ನನ್ನನ್ನು ಅಂಗೈಮೇಲೆ ಇಟ್ಟುಕೊಂಡು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಮಾತೂ ಕೈಕೊಟ್ಟಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು ಆಡಿದ ನಮಗೆ ಕನ್ನಡ ಶಾಲೆಯಲ್ಲಿ ಕಲಿತದ್ದು. ನಾನು “ಎಂತ ಆಗಿದೆ ಕುರಿಗೆ?” ಎಂದರೆ ಆಸ್ಪತ್ರೆಯ ಮುಂದೆ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. “ನಮ್ಮ ಡಾಕ್ಟ್ರಮ್ಮ ಬಾಯಿ ತೆಗೆದ್ರೆ ರೇಡಿಯೋ ಹಚ್ಚಿದಂಗೆ,” ಎಂದು ಪಾಲಮ್ಮ ಬೀದಿಗೆಲ್ಲ ಸಾರಿದಳು. ಅವರಾದರೋ ಕುರಿಗಳನ್ನು ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಎಣಿಸುತ್ತಿದ್ದರು: ಒಕಟಿ, ರೆಂಡು, ಮೂಡು. ಆಂಧ್ರದ ಗಡಿ ಅಷ್ಟು ಹತ್ತಿರ.

ಬೆಚ್ಚುವ ಸರದಿ ಅವರಿಗೂ ಬಂತು. ಊರಿನಿಂದ ತಂದ ಒಣಮೀನಿನ ಡಬ್ಬಿಯನ್ನು ಒಂದು ಮಧ್ಯಾಹ್ನ ತೆರೆದೆ. ಐದು ನಿಮಿಷದಲ್ಲಿ ಪಾಲಮ್ಮ ಪೊರಕೆ ಹಿಡಿದು ಓಡಿಬಂದಳು. “ಏನೋ ಸತ್ತೈತೆ ನೋಡವ್ವ ನಿನ್ ಮನೆಯಾಗೆ!” ವಿಷಯ ಗೊತ್ತಾದ ಮೇಲೆ ಅವಳು ನನ್ನನ್ನು ನೋಡಿದ ರೀತಿಯಲ್ಲಿ ಕನಿಕರವಿತ್ತು. ಅಂದಿನಿಂದ ಮುದ್ದೆ, ಶೇಂಗಾ ಚಟ್ನಿ ನನ್ನ ತಟ್ಟೆಗೆ ತಾನಾಗಿ ಬರತೊಡಗಿದವು. ಮುದ್ದೆಯನ್ನು ಅಗಿಯದೆ ನುಂಗಲು ಕಲಿತ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಪರೀಕ್ಷೆ ಪಾಸಾದವಳಂತೆ ಹೇಳಿದೆ.

ಅಮ್ಮ ಕೇಳಿದ್ದು ಬೇರೆ. “ಅಲ್ತಾರ್ ಎಲ್ಲಿ ಮಾಡಿದೆ?”

ಅಲ್ತಾರ್ ಎಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಶಿಲುಬೆಯಿಟ್ಟು ಪ್ರಾರ್ಥಿಸುವ ಜಾಗ. “ಬಂಡೆಗೆ ಮೊಳೆ ಹೊಡೆಯಲಿಕ್ಕಾಗುವುದಿಲ್ಲಮ್ಮ,” ಎಂದೆ. ಉಳಿದ ಮೂರು ಗೋಡೆಗಳ ವಿಷಯ ಹೇಳಲಿಲ್ಲ. ಶಿಲುಬೆ ಪೆಟ್ಟಿಗೆಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿ ಬಿದ್ದಿತ್ತು.

ಇದನ್ನು ಈಗಲಾದರೂ ಹೇಳಬೇಕು. ಮೂರು ವರ್ಷದ ಹಿಂದೆ ಮಳೆಗಾಲದ ಒಂದು ಹಗಲು ಸಮುದ್ರ ನಮ್ಮ ಮನೆಯನ್ನು ತೆಗೆದುಕೊಂಡಿತು. ಮೊದಲು ಅಂಗಳ, ಆಮೇಲೆ ಅಡುಗೆಮನೆ, ಸಂಜೆಯೊಳಗೆ ಎಲ್ಲವೂ. ಅಪ್ಪ ದೋಣಿ ಮಾಡುವ ಬಡಗಿ. ತಾನೇ ಕೆತ್ತಿದ ಬಾಗಿಲು ಅಲೆಯ ಮೇಲೆ ತೇಲಿಹೋಗುವುದನ್ನು ರಸ್ತೆಯಲ್ಲಿ ನಿಂತು ನೋಡಿದರು. ಕ್ರಿಸ್ಮಸ್ ಕಾಣದೆ ತೀರಿಕೊಂಡರು. ದಿನಾ ಸಂಜೆ ಜಪಮಣಿಯ ಪ್ರಾರ್ಥನೆ ಮುಗಿದ ಮೇಲೆ ಅಪ್ಪ ತಮ್ಮದೇ ಒಂದು ಪಟ್ಟಿ ಹೇಳುತ್ತಿದ್ದರು: ಆಕಾಶಕ್ಕಾಗಿ ವಂದನೆ, ಸಮುದ್ರಕ್ಕಾಗಿ ವಂದನೆ, ಇವತ್ತಿನ ಬಂಗುಡೆ ಮೀನಿಗಾಗಿ ವಂದನೆ. ಅವರನ್ನು ಮಣ್ಣು ಮಾಡಿ ಬಂದ ಸಂಜೆ ಅಮ್ಮ ಆ ಪಟ್ಟಿಯನ್ನು ನನ್ನಿಂದ ಹೇಳಿಸಿದಳು. ಆಕಾಶದವರೆಗೆ ಹೋದೆ. ಮುಂದಿನದು ಬಾಯಿಂದ ಹೊರಡಲಿಲ್ಲ. ಆಮೇಲೆ ಆಕಾಶವೂ ಹೊರಡಲಿಲ್ಲ, ಮೀನೂ ಹೊರಡಲಿಲ್ಲ. ಚರ್ಚಿನ ಪೂಜೆಗೆ ಹೋಗುತ್ತಿದ್ದೆ, ಏಳುವಾಗ ಏಳುತ್ತಿದ್ದೆ, ಕೂರುವಾಗ ಕೂರುತ್ತಿದ್ದೆ, ಅಷ್ಟೇ. ವರ್ಗಾವಣೆಯ ಅರ್ಜಿಯಲ್ಲಿ ಕಡಲಿನಿಂದ ಆದಷ್ಟು ದೂರದ ತಾಲ್ಲೂಕುಗಳನ್ನೇ ಬರೆದೆ. ಊರಲ್ಲಿ ಹಲವರು ನನ್ನನ್ನು ಧೈರ್ಯಸ್ಥೆ ಎಂದರು. ನಾನು ಓಡಿಬಂದಿದ್ದೆ.

ಮೇ ಕೊನೆಯ ವಾರ ಕುರಿಗಳಿಗೆ ಲಸಿಕೆ ಹಾಕಲು ಕಾವಲಿಗೆ ಹೋದೆ. ಕಾವಲು ಎಂದರೆ ಚಳ್ಳಕೆರೆ ಕಡೆಗೆ ಮೈಲಿಗಟ್ಟಲೆ ಹಬ್ಬಿದ ಹುಲ್ಲುಗಾವಲು. ಪಾಲಮ್ಮನ ಅಣ್ಣ ಓಬಜ್ಜ ಅಲ್ಲಿ ಇನ್ನೂರು ಕುರಿ ಮೇಯಿಸುತ್ತಿದ್ದ. ಎಪ್ಪತ್ತು ದಾಟಿದ, ಸಣಕಲು, ಹೆಗಲ ಮೇಲೆ ಸದಾ ಕರಿಕಂಬಳಿ. ಅರ್ಧದಷ್ಟು ಕುರಿಗೆ ಸೂಜಿ ಚುಚ್ಚಿ ಮುಗಿದಿತ್ತು. ಕುರಿಯನ್ನು ಮೊಣಕಾಲ ನಡುವೆ ಹಿಡಿಯುವುದನ್ನು ಕಲಿತಿದ್ದೆ ಎಂಬ ಹೆಮ್ಮೆಯಲ್ಲಿದ್ದೆ. ಆಗ ಗಾಳಿ ಪೂರ್ತಿ ನಿಂತುಹೋಯಿತು.

ಓಬಜ್ಜ ಪಡುವಣಕ್ಕೆ ತಿರುಗಿದ. ಅಲ್ಲಿ ಆಕಾಶ ಹಸಿರುಗಪ್ಪಾಗಿತ್ತು. ಅಂಥ ಬಣ್ಣವನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ, ಮನೆ ಹೋದ ದಿನ.

“ಕುರಿ ನಡುವೆ ಕುಂತ್ಕಳವ್ವ! ಬೇಗ!” ಎಂದು ಕೂಗಿದ. ಕೂತುಕೊಳ್ಳುವಷ್ಟರಲ್ಲಿ ಮೊದಲ ಆಲಿಕಲ್ಲು ನನ್ನ ಭುಜಕ್ಕೆ ಬಡಿಯಿತು. ನಿಂಬೆಹಣ್ಣಿನಷ್ಟು ದಪ್ಪ. ಓಬಜ್ಜ ಕಂಬಳಿಯನ್ನು ನಮ್ಮಿಬ್ಬರ ಮೇಲೂ ಎಳೆದ. ಸುತ್ತಲೂ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಡುಗುತ್ತಿದ್ದವು. ನೆಲವೇ ಕುದಿಯುತ್ತಿದೆಯೇನೋ ಎಂಬ ಸದ್ದು. ಕಂಬಳಿಯೊಳಗೆ ಓಬಜ್ಜ ಬಾಯಿಗೆ ಬಂದಂತೆ ಬೈಯುತ್ತಿದ್ದ. ಆಕಾಶವನ್ನು, ಮಳೆಯನ್ನು, ಮಳೆ ಕಳಿಸಿದವನನ್ನು.

ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಕಂಬಳಿ ಸರಿಸಿದರೆ ಕಾವಲು ಬೆಳ್ಳಗಾಗಿತ್ತು. ಮೋಡದ ಅಂಚಿನಿಂದ ಬಿಸಿಲು ಬಿದ್ದು ಆ ಬಿಳುಪೆಲ್ಲ ಹೊಳೆಯತೊಡಗಿತು. ಅದರ ಮೇಲೆ ಹನ್ನೊಂದು ಕುರಿ ಸತ್ತು ಬಿದ್ದಿದ್ದವು, ಹೆಚ್ಚಿನವು ಮರಿಗಳು. ಓಬಜ್ಜ ಒಂದೊಂದರ ಬಳಿಯೂ ಕೂತು, ತಲೆ ಸವರಿ, ಬಿಕ್ಕಿ ಬಿಕ್ಕಿ ಅತ್ತ. ಬದುಕಿದವಕ್ಕೆ ನಾನು ಮದ್ದು ಹಚ್ಚಿದೆ. ಎಲ್ಲ ಮುಗಿದ ಮೇಲೆ ಅವನು ಎದ್ದು ನಿಂತು, ಪಡುವಣಕ್ಕೆ ತಿರುಗಿ, ಎರಡೂ ಕೈ ಎತ್ತಿ ಮುಗಿದ.

ನನಗೆ ಮೈಯೆಲ್ಲ ಉರಿಯಿತು. “ಯಾರಿಗೆ ಕೈ ಮುಗಿಯುತ್ತೀರಿ ಅಜ್ಜ?”

“ಮಳೆಗವ್ವ.”

“ಕುರಿ ಕೊಂದ ಮಳೆಗಾ?”

ಅವನಿಗೂ ಸಿಟ್ಟು ಬಂತು. “ಕೊಂತು. ಅದಕ್ಕೇ ಬೈಲಿಲ್ವ ಆಗ? ನೀನೇ ಕೇಳಿಸ್ಕಂಡೆ. ಎಂಟು ತಿಂಗ್ಳಾಗೆ ಈ ನೆಲಕ್ಕೆ ಒಂದು ಹನಿ ಇರ್ಲಿಲ್ಲ. ಈಗ ಬಂತು. ಬೈಯಾದೂ ಅದಕ್ಕೇ, ಮುಗಿಯಾದೂ ಅದಕ್ಕೇ. ನಾನಿನ್ಯಾರತ್ರ ಹೋಗ್ಲಿ?”

ಆ ಮಾತು ಆಲಿಕಲ್ಲಿಗಿಂತ ಜೋರಾಗಿ ಬಡಿಯಿತು. ಮೂರು ವರ್ಷ ನಾನು ದೇವರಿಗೆ ವಂದನೆ ಹೇಳಿರಲಿಲ್ಲ, ನಿಜ. ಆದರೆ ಒಂದು ಸಲವೂ ಬೈದಿರಲಿಲ್ಲ. ಬೈಯಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮಾತು ಬಿಟ್ಟವಳಂತೆ ಮುಖ ತಿರುಗಿಸಿ ಕೂತಿದ್ದೆ.

ಎಂಟು ದಿನ ಬಿಟ್ಟು ಗಾಯಗೊಂಡ ಕುರಿಗಳನ್ನು ನೋಡಲು ಮತ್ತೆ ಕಾವಲಿಗೆ ಹೋದೆ. ನಡುವೆ ಎರಡು ಒಳ್ಳೆಯ ಮಳೆ ಬಿದ್ದಿತ್ತು. ದಿಬ್ಬ ಹತ್ತಿ ಬೈಕ್ ನಿಲ್ಲಿಸಿದವಳು ಇಳಿಯುವುದನ್ನೇ ಮರೆತೆ. ಆ ಹಳದಿ ನೆಲ ಎಲ್ಲಿ ಹೋಯಿತು? ಬೆರಳುದ್ದದ ಹುಲ್ಲು ದಿಗಂತದವರೆಗೆ. ನಮ್ಮೂರಿನ ಹಸಿರು ವರ್ಷವಿಡೀ ಇರುತ್ತದೆ, ಅದನ್ನು ನಾವು ನೋಡುವುದಿಲ್ಲ. ಈ ಹಸಿರು ಸತ್ತವರು ಎದ್ದು ಬಂದಂತೆ ಬಂದಿತ್ತು. ಕೃಷ್ಣಮೃಗಗಳ ಹಿಂಡೊಂದು ಯಾರೂ ಅಟ್ಟದೆ, ಯಾವ ಕಾರಣವೂ ಇಲ್ಲದೆ, ಎತ್ತರೆತ್ತರಕ್ಕೆ ನೆಗೆಯುತ್ತ ಹೋಯಿತು.

“ಕಾಲ ಕೆಳಗೆ ನೋಡ್ಕಂಡು ಬಾರವ್ವ,” ಎಂದ ಓಬಜ್ಜ. “ಆರುದ್ರ ಪುರುಗು ಎದ್ದೈತೆ.”

ಪುರುಗು ಎಂದರೆ ತೆಲುಗಿನಲ್ಲಿ ಹುಳು. ಬಗ್ಗಿ ನೋಡಿದೆ. ತೇವದ ಮಣ್ಣಿನ ಮೇಲೆ ಕಡುಗೆಂಪು ಮಕಮಲ್ಲಿನ ಗುಂಡಿಗಳು ನಡೆದಾಡುತ್ತಿದ್ದವು. ಒಂದಲ್ಲ, ನೂರಾರು. ವರ್ಷವೆಲ್ಲ ಮಣ್ಣಿನೊಳಗಿದ್ದು ಈ ಕೆಲವೇ ದಿನ ಮೇಲೆ ಬರುತ್ತವಂತೆ. ಒಂದು ನನ್ನ ಬೆರಳು ಹತ್ತಿತು. ಸಣ್ಣ ಸಣ್ಣ ಕಾಲು, ಮೈತುಂಬ ನುಣುಪಾದ ಕೂದಲು. ಯಾರು ನೋಡಲೆಂದು ಇದಕ್ಕೆ ಇಷ್ಟು ಚೆಂದದ ಅಂಗಿ ಹೊಲಿದದ್ದು? ಇಷ್ಟು ವ್ಯವಧಾನವಿದ್ದ ಕೈಗೆ ನನ್ನ ಅಪ್ಪನ ಬಾಗಿಲನ್ನು ಹಿಡಿದು ನಿಲ್ಲಿಸಲು ಆಗಲಿಲ್ಲವೇ?

ಅದನ್ನೇ ಕೇಳಿದೆ. ಮನಸ್ಸಿನಲ್ಲಲ್ಲ, ಬಾಯಿಬಿಟ್ಟು, ಕೊಂಕಣಿಯಲ್ಲಿ, ಗಂಟಲು ಹರಿಯುವಂತೆ. ಅಪ್ಪನಿಗಾಗಿ ಬೈದೆ, ಅಂಗಳಕ್ಕಾಗಿ ಬೈದೆ, ಅಮ್ಮನ ಬಾಡಿಗೆ ಕೋಣೆಗಾಗಿ ಬೈದೆ. ಕುರಿಗಳು ತಲೆಯೆತ್ತಿ ನೋಡಿದವು. ಬೈಗುಳ ಮುಗಿದಾಗ ಹುಳು ಇನ್ನೂ ನನ್ನ ಬೆರಳ ಮೇಲೇ ಇತ್ತು, ಬಿಸಿಲಲ್ಲಿ ಉರಿಯುವ ಕೆಂಡದಂತೆ. ಆಗ, ನಾನು ಯೋಚಿಸದೆ, ನಾನು ಕರೆಯದೆ, “ದೇವ್ ಬರೆಂ ಕರುಂ” ಎಂಬ ಮಾತು ಬಾಯಿಂದ ಬಿತ್ತು. ನಮ್ಮಲ್ಲಿ ಉಪಕಾರ ನೆನೆಯಲು ಹೇಳುವ ಮಾತು ಅದು. ದೇವರು ಒಳ್ಳೆಯದು ಮಾಡಲಿ ಎಂದರ್ಥ. ದೇವರಿಗೇ ಹಾಗೆ ಹೇಳಿಬಿಟ್ಟಿದ್ದೆ. ಒದ್ದೆ ಹುಲ್ಲಿನಲ್ಲಿ ಮಂಡಿಯೂರಿದೆ.

ಓಬಜ್ಜ ತುಸು ಹೊತ್ತು ಬಿಟ್ಟು ಬಂದ. “ಅದ್ಯಾವ ಭಾಷೆ ಅವ್ವ?”

“ನಮ್ಮ ಮನೆಯದು.”

“ನಿಮ್ ದೇವ್ರಿಗೆ ಕನ್ನಡ ಬರಾದಿಲ್ವ?”

“ಬರುತ್ತದೆ ಅಜ್ಜ. ಬೈಯಲು ಮನೆಮಾತೇ ಸಲೀಸು.”

ಅವನು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಆ ಸಂಜೆಯೇ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು, “ನಾನು ದಿನಾ ಸಮುದ್ರ ನೋಡಲು ಹೋಗುತ್ತೇನೆ. ನಿನಗೆ ಬೇಸರವಾಗುತ್ತದೆಂದು ಹೇಳಿರಲಿಲ್ಲ. ಎಷ್ಟು ಚೆಂದ ಇರುತ್ತದೆಯೆಂದರೆ ನನಗೆ ಕೋಪ ಬರುತ್ತದೆ,” ಎಂದಳು. ಮೂರು ವರ್ಷ ಒಂದೇ ಸಂಕಟವನ್ನು ನಾವಿಬ್ಬರೂ ಒಬ್ಬರಿಗೊಬ್ಬರು ಮರೆಮಾಡಿದ್ದೆವು.

ಜುಲೈನಲ್ಲಿ ರಜೆ ಹಾಕಿ ಊರಿಗೆ ಹೋದೆ. ಮಳೆ ಹಗಲಿಡೀ ಹಂಚಿನ ಮೇಲೆ ಬಡಿಯುತ್ತಿತ್ತು. ಅಮ್ಮನ ಬಾಡಿಗೆ ಕೋಣೆಯ ಮೆಟ್ಟಿಲವರೆಗೆ ನೀರು ನಿಂತಿತ್ತು. ಮೂರನೆಯ ದಿನ ಪಾಲಮ್ಮನ ಫೋನ್ ಬಂತು. “ಇಲ್ಲಿ ಮೋಡ ಬರೇ ಮೇಲ್ ಮೇಲೇ ಹೋಯ್ತೈತೆ ಕಣವ್ವ. ಶೇಂಗಾ ಬಾಡಾಕ್ ಹತ್ತೈತೆ. ನಿಮ್ಮ ಕಡೆ ಐತಾ ಮಳೆ?” ಐತೆ ಎನ್ನಲು ನನಗೆ ನಾಚಿಕೆಯಾಯಿತು.

ಸಂಜೆ ಪ್ರಾರ್ಥನೆಗೆ ಕೂತೆವು. ಜಪ ಮುಗಿದ ಮೇಲೆ ಅಪ್ಪನ ಪಟ್ಟಿಯನ್ನು ನಾನೇ ಹೇಳಿದೆ. ಸಮುದ್ರದ ಹತ್ತಿರ ಬಂದಾಗ ದನಿ ತಡವರಿಸಿತು, ಆದರೆ ದಾಟಿದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು. ಕೊನೆಗೆ ಕೇಳಿಕೊಳ್ಳುವುದು ಏನಾದರೂ ಇದ್ದರೆ ಕೇಳುವ ಹೊತ್ತು.

“ದೇವರೇ, ನಮ್ಮೂರಿಗೆ ಮಳೆ ಕೊಡು,” ಎಂದೆ.

ಅಮ್ಮ ಗಾಬರಿಯಿಂದ ಕಣ್ಣು ಬಿಟ್ಟಳು. “ಇನ್ನೂ ಮಳೆಯಾ? ಯಾವ ನಮ್ಮೂರಿಗೆ?”