ಅತ್ತಿ ಹಾಡಲೊಲ್ಲೆ ಎಂದ ಹಾಡು

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ಓದುಬರಹ ಬರುತ್ತಿತ್ತು, ಮರಾಠಿ ಬರುತ್ತಿರಲಿಲ್ಲ. ನಮ್ಮ ಮನೆಯವರು ಲಷ್ಕರದ ಕಚೇರಿಯಲ್ಲಿ ಕಾರಕೂನರು. ನಾವಿದ್ದ ವಾಡೆಯ ಮೇಲಂತಸ್ತಿನಲ್ಲಿ ಅವರೂ ನಮ್ಮ ಕಡೆಯ ಕೆಲವು ಗೆಳೆಯರೂ ಸೇರಿ ಒಂದು ಕನ್ನಡ ವಾಚನಾಲಯ ನಡೆಸುತ್ತಿದ್ದರು. ಯಾರು ಬೇಕಾದರೂ ಬಂದು ಜಮಖಾನೆಯ ಮೇಲೆ ಕೂತು ಓದಬಹುದಿತ್ತು. ಶನಿವಾರ ಮಧ್ಯಾಹ್ನ ಹೆಂಗಸರ ಪಾಳಿ.

ನಮ್ಮ ಕಡೆಯವರ ಮಕ್ಕಳೆಲ್ಲ ಮರಾಠಿ ಸಾಲೆಗೆ ಹೋಗುತ್ತಿದ್ದರು. ಬೀಸುವಾಗಿನ ಹಾಡು, ಜೋಗುಳ, ಮದುವೆಯ ಸೋಬಾನೆ ಎಲ್ಲ ಮುದುಕಿಯರ ಜೊತೆಗೇ ಮಣ್ಣಾಗುತ್ತವೆ ಎಂಬುದು ನಮ್ಮ ಮನೆಯವರ ಚಿಂತೆ. ಅವನ್ನು ಬರೆಸಿ ವಾಚನಾಲಯದಲ್ಲಿಡುವ ಹುಚ್ಚು ಹತ್ತಿತು. ಇವರ ತಾಯಿ, ನಮ್ಮ ಅತ್ತಿ, ಅವರಿಗೆ ಹಾಡು ಭಾಳ ಬರುತ್ತಿದ್ದವು. ಅವರು ಹಾಡುವುದು, ನಾನು ಬರೆಯುವುದು.

ಒಂದು ದಿನ ಇವರು ಕೇಳಿದರು: "ಯವ್ವಾ, ಯಾರರ ಸತ್ತಾಗ ಹಾಡ್ಯಾಡಿ ಅಳ್ತೀರಲ್ಲ, ಅದನ್ನೂ ಒಮ್ಮೆ ಹೇಳು."

ಅತ್ತಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. "ಹೆಣದ ಮುಂದ ಕೂತು ಹಾಡೂದದು. ಸುಮ್ಮಸುಮ್ಮನ ಹಾಡಿದ್ರ ಸಾವನ್ನ ಕರದಂಗ ಆಗ್ತದ. ನಾ ಒಲ್ಲೆ."

"ಕರದ್ರ ಬರಾಕ ಅದೇನು ಬೀಗರ ಪೈಕಿ ಏನವ್ವಾ?"

"ನಗಬ್ಯಾಡ ತಮ್ಮಾ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

೧೯೧೮ರಲ್ಲಿ, ದೊಡ್ಡ ಲಡಾಯಿ ಮುಗಿಯುವ ಹೊತ್ತಿಗೆ ಮುಂಬಯಿ ಕಡೆಯಿಂದ ಒಂದು ಜ್ವರ ಬಂತು. ಪ್ಲೇಗಿನಲ್ಲಿ ಉಳಿದ ಊರು ಇದಕ್ಕೇನು ಹೆದರುವುದು ಎಂದುಕೊಂಡಿತು. ಆದರೆ ಇದು ಮುದುಕರನ್ನು ಬಿಟ್ಟು ಪ್ರಾಯದವರನ್ನೇ ಒಯ್ಯತೊಡಗಿತು. ಇವರು ಕಚೇರಿಯಿಂದ ಬಂದು "ಮೈ ಮುರೀಲಿಕತ್ತದ" ಎಂದು ಮಲಗಿದವರು ಮತ್ತೆ ಏಳಲಿಲ್ಲ. ವಾರ ತುಂಬುವುದರೊಳಗೆ ತುಟಿ ನೀಲಿಗಟ್ಟಿ, ಉಸಿರಿಗಾಗಿ ಬಾಯಿ ತೆರೆದಂತೆಯೇ ಹೋದರು.

ಹೊರುವವರು ಸಿಗಲಿಲ್ಲ. ಮುಠಾ ನದಿಯ ದಂಡೆಯಲ್ಲಿ ಕಟ್ಟಿಗೆಯಿಲ್ಲದೆ ಹೆಣಗಳು ಕಾಯುತ್ತಿದ್ದವು. ವಾಚನಾಲಯದ ಗೆಳೆಯರಲ್ಲಿ ಹಲವರು ತಾವೇ ಹಾಸಿಗೆ ಹಿಡಿದಿದ್ದರು. ಹಾಗೆ ಕಾಯುತ್ತಿರುವಾಗ ಅತ್ತಿ ಮಗನ ತಲೆಯ ಹತ್ತಿರ ಕೂತು ಹಾಡಿದರು. ಅವನು ಅಂಬೆಗಾಲಿಟ್ಟದ್ದು, ರೊಟ್ಟಿಗೆ ಬೆಣ್ಣೆ ಬೇಕೆಂದು ಹಟ ಹಿಡಿದದ್ದು ಎಲ್ಲವನ್ನೂ ಹೇಳಿ, ಊಟ ಬಿಟ್ಟು ಎಲ್ಲಿಗೆ ಹೊರಟಿ ಎಂದು ಅವನನ್ನೇ ಕೇಳುವ ಹಾಡು. ಹೊಸ್ತಿಲಲ್ಲಿ ನಿಂತಿದ್ದ ನೆರೆಮನೆಯ ಮರಾಠಿ ಹೆಂಗಸಿಗೆ ಒಂದು ಶಬ್ದವೂ ತಿಳಿಯದು. ಆಕೆ ಅಲ್ಲೇ ಕುಸಿದು ಕೂತು ಬಿಕ್ಕಿದಳು. ನನಗೆ ಮಾತ್ರ ಅಳು ಬರಲಿಲ್ಲ.

ಆಮೇಲೆ ನಮ್ಮ ಕಡೆಯ ಹೆಂಗಸರು ನನ್ನೆದುರಿಗೇ ಅಂದರು: "ಅಳೂ ಹಾಡು ಬರಸ್ಲಿಕ್ಕೆ ಹೋಗಿ ಸಾವನ್ನ ಮೈಮ್ಯಾಲೆ ಎಳಕೊಂಡ." ನಾನು ಮೇಲಂತಸ್ತಿನ ಮೆಟ್ಟಿಲು ಹತ್ತುವುದನ್ನೇ ಬಿಟ್ಟೆ. ಬರೆದ ಹಾಳೆಗಳನ್ನೆಲ್ಲ ಒಲೆಗೆ ಹಾಕಿಬಿಡೋಣ ಎನಿಸುತ್ತಿತ್ತು.

ಜ್ವರ ಇಳಿದು ವಾಚನಾಲಯ ಮತ್ತೆ ತೆರೆದ ಮೇಲೆ, ಒಂದು ಶನಿವಾರ ಅತ್ತಿ ಕರೆದರು. "ಮಸಿ, ಟಾಕು ತಗೊಂಡು ಮ್ಯಾಲೆ ನಡಿ. ಆ ಹಾಡು ಹೇಳ್ತೀನಿ, ಬರಕೋ."

"ಬ್ಯಾಡ್ರಿ ಅತ್ತಿ. ಮಂದಿ ಏನಂತಾರ್ರಿ?"

"ಅಂವ ಕೇಳಿದಾಗ ನಾ ಹಾಡಲಿಲ್ಲ. ಬಾಯಿ ಮುಚ್ಕೊಂಡೇ ಇದ್ದೆ. ಆದ್ರೂ ಬಂತಲ್ಲ?" ಅವರೇ ಟಾಕನ್ನು ನನ್ನ ಕೈಗಿಟ್ಟರು. "ಇನ್ನ ಯಾರನ್ನ ಉಳಸ್ಕೊಳ್ಳಾಕ ಮುಚ್ಚಿಡ್ಲಿ?"

ನಾವಿಬ್ಬರೇ ಜಮಖಾನೆಯ ಮೇಲೆ ಕೂತೆವು. ಹಾಡಲಾಗದೆ ಕೆಲವು ಸಾಲುಗಳನ್ನು ಬರೀ ಮಾತಿನಲ್ಲಿ ಹೇಳಿದರು. ಮಗನ ಹೆಸರು ಬರಬೇಕಾದಲ್ಲೆಲ್ಲ ನಿಂತು, "ಇಲ್ಲೆ ಜಾಗಾ ಬಿಡು. ಯಾರ ಮನ್ಯಾಗ ಯಾರು ಹೋಗ್ತಾರೋ ಅವರ ಹೆಸರು" ಎನ್ನುವರು. ಬಿಡುತ್ತ ಬರೆದೆ. ಅಂದು ನನಗೂ ಅಳು ಬಂತು.

ಅಶುಭ ಎಂದು ಕೆಲವರು ಗೊಣಗಿದರೂ ವಾಚನಾಲಯದವರು ಹಾಳೆಗಳಿಗೆ ರಟ್ಟು ಹಾಕಿಸಿ ಕಪಾಟಿನಲ್ಲಿಟ್ಟರು. ಹೆಂಗಸರ ಪಾಳಿ ನೋಡಿಕೊಳ್ಳುವ ಕೆಲಸ ನನಗೆ ಬಂತು. ಮುಂದೆ ಅತ್ತಿಯೂ ಹೋದರು. ಅವರ ಹೆಣದ ಮುಂದೆ ಕೂತು ಬಾಯಿ ತೆರೆದೆ, ದನಿ ಏಳಲಿಲ್ಲ. ಹಾಡದೆಯೇ ಅವರನ್ನು ಕಳಿಸಿದೆವು.

ಅದಾದ ಮೇಲೆ ಒಮ್ಮೆ ಪುಣೆ ಜಿಲ್ಲೆಯ ಶಿರೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ವಿಜಾಪುರದ ಕಡೆಯವಳು, ಶಿರೂರಿನಲ್ಲಿ ಅವರದು ಕಾಳಿನ ಅಂಗಡಿ. ಮಗಳು ಬಾಣಂತನದಲ್ಲಿ ತೀರಿಕೊಂಡಿದ್ದಳಂತೆ.

"ಹಾಡಿ ಅಳಬೇಕಂದ್ರ ಮಾತ ನೆನಪಾಗವಲ್ದ್ರಿ. ನಿಮ್ಮಲ್ಲೆ ಬರದಿಟ್ಟಾರಂತ. ನನಗ ಓದಾಕ ಬರೂದಿಲ್ರಿ."

ನಾನು ಓದಿದೆ. ಆಕೆ ನನ್ನ ಹಿಂದೆ ಹಿಂದೆ ಸಣ್ಣ ದನಿಯಲ್ಲಿ ಹಾಡಿದಳು. ಒಂದು ಕಡೆ ನಿಲ್ಲಿಸಿ, "ನಮ್ಮ ಅವ್ವ ಇಲ್ಲೆ ಬ್ಯಾರೆ ಹೇಳ್ತಿದ್ದಳ್ರಿ" ಎಂದು ತನಗೆ ನೆನಪಾದ ಸಾಲು ಹೇಳಿದಳು. ತವರಿಗೆ ಬಂದ ಮಗಳ ಬಳೆಯ ಸಪ್ಪಳದ ಮಾತು ಅದರಲ್ಲಿತ್ತು. ಅತ್ತಿಯ ಸಾಲಿನ ಕೆಳಗೆ ಅದನ್ನೂ ಬರೆದುಕೊಂಡೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಗೋಡೆ ಹಿಡಿದು ಮೆಟ್ಟಿಲಿಳಿದು ಶಿರೂರಿನ ಮೋಟಾರು ಹಿಡಿಯಲು ಹೋದಳು.