ನಾನೇ ಕಟ್ಟಿದ ಒಡಪು

ಜಾನಪದದಲ್ಲಿ ನನ್ನಂಥ ಗಂಡೆದೆಯ ಪಂಡಿತ ದೇಶದಾಗ ಇನ್ನೊಬ್ಬನಿಲ್ಲ. ಆದರೂ ಮೇಲವಂಕಿ ಊರ ಕಟ್ಟೆಯ ಮೇಲೆ ಕೂತು ಓಡಿಹೋಗುವ ದಾರಿ ಹುಡುಕುತ್ತಿದ್ದೆ. ಗಂಡನ ಹೆಸರು ಹೇಳುವ ಒಡಪುಗಳ ನನ್ನ ಸಂಗ್ರಹ, ಮಾನವಿಕ ವಿದ್ವಾಂಸರ ರಾಷ್ಟ್ರಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿತ್ತು. ಪರಿಶೀಲನೆಗೆ ಬಂದ ಮೇಡಂ, ನೂರು ತುಂಬಿಸಲು ನಾನೇ ಕಟ್ಟಿ, ಈ ಊರಿನದೆಂದು ಬರೆದಿದ್ದ ಒಡಪಿನ ಮೇಲೆಯೇ ಬೆರಳಿಟ್ಟರು.

"ಗಂಗವ್ವಾರ, ಇದು ನಿಮ್ಮೂರಿಂದೇನ್ರಿ?" ಅಂತ ಎದುರಿಗಿದ್ದ ಊರ ಹೆಣ್ಣುಮಗಳನ್ನು ಕೇಳಿದರು.

ಆಕೆ ಇಲ್ಲ ಅಂದರೆ ಪ್ರಶಸ್ತಿಯ ಜೊತೆಗೆ ಮಾನವೂ ಹೋಗುವುದಿತ್ತು.

ಗಂಗವ್ವ ಸೆರಗು ಸರಿಮಾಡಿಕೊಂಡಳು. "ಗೋಕಾಕ ಕರದಂಟು ಕಡಿಯಾಕ ಗಟ್ಟಿ, ಬಸಪ್ಪಾರ ಕೈ ಹಿಡದೇನಿ ಸೆರಗಿಗೆ ಗಂಟ ಕಟ್ಟಿ. ನಮ್ಮ ಆಯಿ ಕಾಲದಿಂದ ಐತ್ರಿ!"

ಮೇಡಂ ಖುಷಿಯಿಂದ ಕಾರು ಹತ್ತಿದರು.

"ಖರೆ ಹೇಳವ್ವಾ, ಯಾರು ಕಲಿಸಿದ್ರು?" ಅಂದೆ.

"ಸೊಸಿ ಮದುವ್ಯಾಗ ಹೇಳಿದ್ಲರಿ ಕಾಕಾ, ನಿಮ್ಮ ಪುಸ್ತಕ ಓದಿ."

ಸಂಪ್ರದಾಯ ಸಂಗ್ರಹಿಸಿದ್ದಕ್ಕೆ ಪ್ರಶಸ್ತಿ ಬಂತು. ಹುಟ್ಟಿಸಿದ್ದಕ್ಕೂ ಒಂದು ಕೊಡಬೇಕಿತ್ತು, ಕೇಳಲು ಹೆದರಿಕೆ.