ಅರ್ಧ ಬ್ಲೇಡು

ಹೊನ್ನಾವರದ ಬಂದರಿನ ಪಕ್ಕದ ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದೆ. ಹೊರಗೆ ದೋಣಿ ರಿಪೇರಿಯ ಮಂಜಣ್ಣ, ವಿದೇಶಿ ಪ್ರವಾಸಿಯೊಬ್ಬನ ಅಲೆಯ ಮೇಲೆ ಜಾರುವ ಹಲಗೆಗೆ ಫೈಬರ್ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಬಳಿದು ಬಿರುಕು ಮುಚ್ಚುತ್ತಿದ್ದ.

"ಬ್ಲೇಡು ಕೊಡು ಮಾರಾಯಾ! ರೆಸಿನ್ ಕಲ್ಲಾದ್ರೆ ಮತ್ತೆ ಅಂಚು ಕೊಯ್ಯೂಕೆ ಆಗುದಿಲ್ಲ!" ಎಂದು ಮಂಜಣ್ಣ ಕೂಗಿದ.

ಕ್ಷೌರಿಕ ಹೊಸ ಬ್ಲೇಡನ್ನು ಎಂದಿನಂತೆ ಕಾಗದದ ಸಮೇತ ಮಡಚಿ ಲಟಕ್ಕನೆ ಎರಡು ಮಾಡಿದ. ಒಂದು ಹೋಳು ಹೊರಗೆ ಹೋಯಿತು, ಇನ್ನೊಂದು ನನ್ನ ಗಲ್ಲಕ್ಕೆ ಬಂತು. ಬಾಗಿಲಾಚೆ ಹಲಗೆಗೆ ಅಂಟಿಸಿದ್ದ ಟೇಪಿನ ಗೆರೆಗುಂಟ ಹೆಚ್ಚಿನ ಬಟ್ಟೆ ನೀಟಾಗಿ ಸುಲಿದು ಬರುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಹಲಗೆಯ ಪ್ರವಾಸಿ ಉಸಿರು ಬಿಗಿಹಿಡಿದಿದ್ದ, ನಾನೂ.

ಕೆಲಸ ಮುಗಿದ ಮೇಲೆ ಕ್ಷೌರಿಕ ಹೊರಗೆ ಹೋಗಿ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. ವಾಪಸು ಬಂದು ನನ್ನ ಗಲ್ಲವನ್ನೂ ಸವರಿದ. ಅವನ ಮುಖ ಸಣ್ಣದಾಯಿತು.

"ಕೂತ್ಕಳ್ಳಿ, ಅವಂದೇ ನುಣ್ಣಗೆ ಬಂತು," ಎಂದು ಮತ್ತೆ ಸೋಪು ಹಚ್ಚತೊಡಗಿದ.